ಗಾಡಿಯ ನಾಡಿ

ಹಳೆಯ ವಸ್ತುವನ್ನು ಹಣ ಕೊಟ್ಟು ಮನೆಗೆ ತರುವವನನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ಕನಿಕರ. ಹಳೆಯ ವೀಣೆಯನ್ನು ತಂದರೆ ರಸಿಕನೆನ್ನುವರು; ಹಳೆಯ ಗಡಿಯಾರವನ್ನು ತಂದರೆ ವಿಲಾಸಿಯೆನ್ನುವರು; ಹಳೆಯ ಮೋಟಾರು ಸೈಕಲ್ಲನ್ನು ತಂದರೆ ಮಾತ್ರ ಏನೂ ಅನ್ನದೆ ಅವನ ಹೆಂಡತಿಯ ಮುಖವನ್ನು ನೋಡುವರು. ಇದಕ್ಕೆ ಕಾರಣವಿಲ್ಲದಿಲ್ಲ. ವೀಣೆ ಅಪಸ್ವರ ನುಡಿದರೆ ಅದು ಮನೆಯೊಳಗಿನ ಮಾತು. ಗಡಿಯಾರ ನಿಂತರೆ ಗೋಡೆಯ ಮೇಲೆಯೇ ನಿಲ್ಲುತ್ತದೆ. ಮೋಟಾರು ಸೈಕಲ್ಲು ನಿಲ್ಲುವುದು ನಡುಬೀದಿಯಲ್ಲಿ, ನಾಲ್ಕು ಜನರ ಎದುರಿಗೆ.

ಮೈಸೂರಿನ ರಾಯರೊಬ್ಬರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೂರನೆಯ ವರ್ಷ ಇಂಥದೊಂದು ಸಾಹಸಕ್ಕೆ ಕೈಹಾಕಿದರು. ಅವರು ಕೊಂಡದ್ದು 1969ರ ಜಾವಾ 250. ಕೆಂಗಂದು ಬಣ್ಣ, ಕನ್ನಡಿಯಂತೆ ಹೊಳೆಯುವ ಟ್ಯಾಂಕು, ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದರಂತೆ ಎರಡು ಹೊಗೆಕೊಳವೆ. ನಂಬರು ಫಲಕದ ಮೇಲೆ ‘ಎಂವೈ’ ಎಂಬ ಅಕ್ಷರಗಳು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವ ಮೊದಲಿನ ಗುರುತು ಅದು. ಕಿಕ್ ಹೊಡೆಯುವ ಕೋಲೇ ಗೇರು ಬದಲಿಸುವ ಕೋಲೂ ಆಗುವ ಚಮತ್ಕಾರವನ್ನು ರಾಯರು ಮೊದಲ ದಿನ ನೆರೆಹೊರೆಯವರಿಗೆಲ್ಲ ಮೂರು ಸಲ ತೋರಿಸಿದರು. ತೋರಿಸದೆ ಉಳಿದದ್ದು ಒಂದೇ: ಆ ಗಾಡಿಗೆ ಕೊಟ್ಟ ಹಣ ಮನೆಯ ತಾರಸಿಯನ್ನು ದುರಸ್ತಿ ಮಾಡಿಸಲು ಎತ್ತಿಟ್ಟ ಹಣದ ಅರ್ಧ ಭಾಗವೆಂಬುದು. ಹಿಂದಿನ ಮಳೆಗಾಲದಲ್ಲಿ ನಡುಮನೆಯ ಮೂಲೆಯಲ್ಲಿ ಸೋರಿದ ನೀರಿಗೆ ಬಕೆಟ್ ಇಟ್ಟದ್ದನ್ನು ಗೃಹಿಣಿ ಮರೆತಿರಲಿಲ್ಲ. “ಉಳಿದ ಅರ್ಧದಲ್ಲಿ ಅರ್ಧ ಮನೆಯಾದರೂ ಒಣಗಿರಲಿ” ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ರಾಯರ ಆಸೆಗೆ ನಲವತ್ತು ವರ್ಷಗಳ ವಯಸ್ಸು. ಅವರ ಬಾಲ್ಯದ ಮೈಸೂರಿನಲ್ಲಿ ಜಾವಾ ಎಂದರೆ ದ್ವೀಪವಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲು ತಯಾರಿಸುವ ಹಕ್ಕನ್ನು ಪಡೆದಾಗ, ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆ ಪದ ಹುಟ್ಟಿತು. 1961ರಲ್ಲಿ ಅದು ಯಾದವಗಿರಿಗೆ ಬಂದು ಮೈಸೂರಿನದೇ ಆಯಿತು. ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ರಸ್ತೆಗೆ ಬಂದರೂ ಅದು ಬೇರೆ ಯಂತ್ರ, ಬೇರೆ ಸದ್ದು. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿನ ‘ಡಬ್ ಡಬ್’ ಸದ್ದನ್ನು ಶಾಲೆಗೆ ನಡೆದು ಹೋಗುವಾಗ ಕೇಳಿ ಬೆಳೆದವರಿಗೆ ಅದು ದೇವಸ್ಥಾನದ ಗಂಟೆಯಷ್ಟೇ ಪರಿಚಿತ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆಯನ್ನು 2021ರ ಕೇಂದ್ರ ನಿಯಮ ಕೊಟ್ಟಿದೆ. ರಾಯರಿಗೆ ಅದನ್ನು ಓದಿ ಪರಮಾನಂದವಾಯಿತು. ಮನುಷ್ಯನಿಗೆ 60 ತುಂಬಿದರೆ ನಿವೃತ್ತಿ. ಗಾಡಿಗೆ 50 ತುಂಬಿದರೆ ಬಿರುದು!

ಬಿರುದಾಂಕಿತ ಗಾಡಿ ಮನೆಗೆ ಬಂದ ವಾರದೊಳಗೆ ತನ್ನ ಗುಣವನ್ನು ತೋರಿತು. ಬೆಳಗ್ಗೆ ಎರಡನೆಯ ಕಿಕ್‌ಗೆ ಸೊಗಸಾಗಿ ಹೊರಡುವುದು. ಬೀದಿ ದಾಟಿ, ನಂಜನಗೂಡು ರಸ್ತೆಗೆ ಬಿದ್ದು, ಚಾಮುಂಡಿ ಬೆಟ್ಟ ಮಗ್ಗುಲಿಗೆ ಬರುವ ಹೊತ್ತಿಗೆ ಕೆಮ್ಮತೊಡಗುವುದು. ಎರಡು ಸಲ ಮುಗ್ಗರಿಸಿ ನಿಂತುಬಿಡುವುದು. ಆಗ ಎಷ್ಟು ಕಿಕ್ ಹೊಡೆದರೂ ಕಲ್ಲಿಗೆ ಮಂತ್ರ ಹೇಳಿದಂತೆ. ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತೆದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುವುದು. ಹೀಗೆ ನೂರು ಕಿಲೋ ಮೀರಿದ ಭಾರವನ್ನು ತಳ್ಳಿಕೊಂಡು ರಾಯರು ಮನೆ ಸೇರಿದ ದಿನಗಳು ಒಂದೆರಡಲ್ಲ. ದಾರಿಯಲ್ಲಿ ಕಂಡವರೆಲ್ಲ ಒಂದೊಂದು ಔಷಧಿಯನ್ನು ಹೇಳಿದರು. ಹಳೆಯ ಮೋಟಾರು ಸೈಕಲ್ಲು ನಿಂತ ಜಾಗದಲ್ಲಿ ವೈದ್ಯರಿಗೆ ಬರವಿಲ್ಲ.

ಆ ಎಂಜಿನ್ನು ಮೂಲತಃ ಬಹು ಸರಳವಾದ ಪ್ರಾಣಿ. ನಾಲ್ಕು ಹೊಡೆತದ ಎಂಜಿನ್ನಿನ ಹಾಗೆ ಅದಕ್ಕೆ ಕವಾಟಗಳಿಲ್ಲ. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆ ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಮೇಲಕ್ಕೆ ಕಳುಹಿಸುತ್ತದೆ. ಎಣ್ಣೆಗೆ ಪ್ರತ್ಯೇಕ ಏರ್ಪಾಡಿಲ್ಲ. ರಾಯರು ಲೀಟರು ಪೆಟ್ರೋಲಿಗೆ 40 ಮಿಲಿಲೀಟರಿನಂತೆ ಟ್ಯಾಂಕಿಗೇ ಬೆರೆಸುವರು. ಇಂಥ ಯಂತ್ರಕ್ಕೆ ಆಯುರ್ವೇದದ ತ್ರಿದೋಷಗಳನ್ನು ಆರೋಪಿಸಿದರೆ ತಪ್ಪಾಗಲಾರದು. ಉಸಿರಾಡುವ ಗಾಳಿ ಅದರ ವಾತ. ಉರಿಸುವ ಕಿಡಿ ಅದರ ಪಿತ್ತ. ಎಣ್ಣೆಯ ಜಿಡ್ಡು ಅದರ ಕಫ. ಯಾವುದು ಕೆರಳಿದೆಯೆಂಬುದನ್ನು ತಿಳಿಯಲು ಪ್ಲಗ್ಗನ್ನು ಬಿಚ್ಚಿ ಅದರ ನಾಲಗೆಯ ಬಣ್ಣವನ್ನು ನೋಡುವುದುಂಟು. ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ. ಕರ್ರಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು. ಸುಣ್ಣದಂತೆ ಬಿಳುಪಾಗಿದ್ದರೆ ಗಾಳಿ ಹೆಚ್ಚಾಗಿ ಮೈ ಕಾಯುತ್ತಿದೆಯೆಂದು ಅರ್ಥ.

ರಾಯರು ಮೊದಲು ಹೋದ ಗ್ಯಾರೇಜಿನ ಯುವಕನಿಗೆ ನಾಲಗೆ ನೋಡುವ ವ್ಯವಧಾನವಿರಲಿಲ್ಲ. “ಬಿಸಿಯಾದ ಮೇಲೆ ನಿಲ್ಲುತ್ತೆ ಅಂದರೆ ಕಾಯಿಲ್ ಹೋಗಿದೆ ಸಾರ್” ಎಂದ. ಅದು ತೀರ ಹುಚ್ಚು ಮಾತೂ ಅಲ್ಲ. ತಣ್ಣಗಿರುವಾಗ ಕಿಡಿ ಕೊಟ್ಟು, ಬಿಸಿಯಾದಾಗ ಕೈಕೊಡುವ ಕಾಯಿಲ್ಲುಗಳೂ ಕಂಡೆನ್ಸರುಗಳೂ ಹಳೆಯ ಗಾಡಿಗಳಲ್ಲಿ ಹೇರಳ. ಆದರೆ ಅವನು ಕಾಯಿಲ್ಲು, ಕಂಡೆನ್ಸರು, ಪ್ಲಗ್ಗು, ಪಾಯಿಂಟುಗಳನ್ನು ಒಂದೇ ಮಧ್ಯಾಹ್ನದಲ್ಲಿ ಬದಲಿಸಿ, ಕಾರ್ಬ್ಯುರೇಟರಿನ ತಿರುಪನ್ನೂ ತಿರುಗಿಸಿ ಕಳುಹಿಸಿದ. ಗಾಡಿ ಅದೇ ಬೆಟ್ಟದ ಮಗ್ಗುಲಿನಲ್ಲಿ ಅದೇ ಕೆಮ್ಮನ್ನು ಕೆಮ್ಮಿ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯಲ್ಲಿ ಬರೆ ಒಂದೇ, ಇಲ್ಲಿ ಐದು. ಎರಡನೆಯ ಭೇಟಿಯಲ್ಲಿ ತೀರ್ಪು ಇನ್ನೂ ಭಾರವಾಯಿತು: “ಎಂಜಿನ್ ಹೊಟ್ಟೆ ಬಿಚ್ಚಬೇಕು ಸಾರ್. ಕ್ರ್ಯಾಂಕ್ ಸೀಲ್, ಬೇರಿಂಗ್, ಎಲ್ಲಾ ಹೊಸದು. ಮೂವತ್ತು ಸಾವಿರ ಇಟ್ಟುಕೊಳ್ಳಿ.”

ಮೂವತ್ತು ಸಾವಿರವೆಂದರೆ ತಾರಸಿಗೆ ಉಳಿದಿದ್ದ ಹಣದ ಬಹುಪಾಲು. ರಾಯರು ಅಂದು ರಾತ್ರಿ ಊಟದ ನಡುವೆ ಆ ಸಂಖ್ಯೆಯನ್ನು ಹೇಳಿದರು. ಗೃಹಿಣಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳೆಗೆ ಇನ್ನು ಎರಡೂವರೆ ತಿಂಗಳು ಇದೆ” ಎಂದರು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ರಾಯರಿಗೆ ಉತ್ತರ ಹೇಳಲು ಸುಲಭವಾಗುತ್ತಿತ್ತು. ಮೂವತ್ತೈದು ವರ್ಷ ಸಂಸಾರದ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಇಟ್ಟವರು ಒಂದೇ ಒಂದು ಸಲ ಲೆಕ್ಕವನ್ನು ಬದಿಗಿಟ್ಟು ಗಂಡನ ಮುಖ ನೋಡಿ ಒಪ್ಪಿದ್ದರು. ಆ ಒಪ್ಪಿಗೆ ಕೆಟ್ಟ ವ್ಯಾಪಾರವಾಗಿ ಕೊನೆಗಾಣುವುದೇ ಎಂಬುದು ಈಗಿನ ಪ್ರಶ್ನೆ. ಮಾರಿಬಿಡುವುದೆಂಬ ಮಾತು ರಾಯರ ನಾಲಗೆಯ ತುದಿಗೆ ಬಂದು ಮಜ್ಜಿಗೆಯೊಂದಿಗೆ ಒಳಗೆ ಹೋಯಿತು.

ಮರುದಿನ ಅವರು, ಒಂದು ಕಾಲದಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ವೃದ್ಧರೊಬ್ಬರನ್ನು ಹುಡುಕಿಕೊಂಡು ಹೋದರು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಆ ಹಿರಿಯರು ಗಾಡಿಯನ್ನು ಮುಟ್ಟಲೂ ಇಲ್ಲ. “ನೀವು ಗಾಡಿಯನ್ನು ನನ್ನ ಮನೆಗೆ ತಂದಿರಿ. ಕಾಯಿಲೆಯನ್ನು ಅಲ್ಲೇ ರಸ್ತೆಯಲ್ಲಿ ಬಿಟ್ಟು ಬಂದಿದ್ದೀರಿ. ನಾನು ಏನನ್ನು ನೋಡಲಿ?” ಎಂದು ನಕ್ಕರು. ಅವರು ಕೊಟ್ಟ ಸಲಹೆ ಒಂದು ಕೈಬೆರಳಿನಲ್ಲಿ ಎಣಿಸುವಷ್ಟು. ನಿಂತಾಗ ನಿಂತಲ್ಲಿಯೇ ನೋಡಬೇಕು. ಮೊದಲು ಪ್ಲಗ್ಗನ್ನು ಬಿಚ್ಚಬೇಕು. ಅದು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ದೋಷ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಎರಡರಲ್ಲಿ ಒಂದು ದಾರಿ ಮುಚ್ಚಿತೆಂದರೆ ಅರ್ಧ ಕಾಯಿಲೆ ಗುಣವಾದಂತೆ. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಮನುಷ್ಯ ಕಲಿಯುವುದಿಲ್ಲ.

ರಾಯರು ಪಾನಾ, ಒಂದು ತುಂಡು ಬಟ್ಟೆಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಗಾಡಿ ವಾಡಿಕೆಯಂತೆ ನಿಂತಿತು. ಬಟ್ಟೆಯಲ್ಲಿ ಹಿಡಿದು ಪ್ಲಗ್ಗನ್ನು ಬಿಚ್ಚಿದರೆ ಬಿಸಿಲಿಗೆ ಹಾಕಿದ ಹಪ್ಪಳದಷ್ಟು ಒಣ. ಕಾರ್ಬ್ಯುರೇಟರಿನ ಮೇಲೆ ಒತ್ತುವ ಪುಟ್ಟ ಗುಂಡಿಯೊಂದುಂಟು. ಬೆಳಗ್ಗೆ ಒತ್ತಿದರೆ ಪೆಟ್ರೋಲು ಉಕ್ಕಿ ಬೆರಳು ನೆನೆಯುವುದು. ಈಗ ಒತ್ತಿದರೆ ಬೆರಳು ಒಣಗಿಯೇ ಇತ್ತು. ಅಂದರೆ ಕಾಯಿಲ್ಲಿಗೆ ಸುರಿದ ಹಣ ವ್ಯರ್ಥ, ಕಿಡಿ ನಿರಪರಾಧಿ, ಕೊರತೆ ಪೆಟ್ರೋಲಿನದು. ಟ್ಯಾಂಕಿನಲ್ಲಿ ಮಾತ್ರ ಪೆಟ್ರೋಲು ತುಳುಕುತ್ತಿತ್ತು. ಮನೆಗೆ ತಂದು ನಲ್ಲಿಯನ್ನೂ ಅದರ ಜರಡಿಯನ್ನೂ ಕೊಳವೆಯನ್ನೂ ಬಿಚ್ಚಿ ನೋಡಿದರೆ ಎಲ್ಲವೂ ಸ್ವಚ್ಛ. ಕೊಡದಲ್ಲಿ ನೀರಿದ್ದು, ದಾರಿ ತೆರೆದಿದ್ದು, ಲೋಟಕ್ಕೆ ಬೀಳದಿದ್ದರೆ ಅದನ್ನು ಏನೆನ್ನಬೇಕು?

ಉತ್ತರ ಬಂದದ್ದು ಗೋಡೆಯ ಪಂಚಾಂಗದಿಂದ. ಆ ಮನೆಯಲ್ಲಿ ಹಾಲಿನ ಲೆಕ್ಕ, ಅನಿಲದ ಸಿಲಿಂಡರು ಬಂದ ದಿನ, ಮಗಳು ಫೋನು ಮಾಡಿದ ದಿನ ಎಲ್ಲವನ್ನೂ ಗೃಹಿಣಿ ಪಂಚಾಂಗದ ಚೌಕಗಳಲ್ಲಿ ಬರೆದಿಡುವ ರೂಢಿ. ಗಾಡಿ ಬಂದಂದಿನಿಂದ ಅಲ್ಲಿ ಎರಡು ಹೊಸ ಗುರುತುಗಳು ಸೇರಿದ್ದವು: ಪೆಟ್ರೋಲಿಗೆ ಕೊಟ್ಟ ಹಣಕ್ಕೆ ‘ಪೆ’, ರಾಯರು ತಳ್ಳಿಕೊಂಡು ಬಂದ ದಿನಕ್ಕೆ ‘ತ’. ತಿಂಗಳ ಕೊನೆಯಲ್ಲಿ ಖರ್ಚನ್ನು ಕೂಡಿಸುತ್ತಿದ್ದವರು ತಲೆಯೆತ್ತಿ ಕೇಳಿದರು:

“ಅಲ್ಲಾ, ನೀವು ಟ್ಯಾಂಕು ಭರ್ತಿ ಮಾಡಿಸಿದ ಮರುದಿನವೇ ತಳ್ಳಿಕೊಂಡು ಬರುತ್ತೀರಲ್ಲ? ಪೆಟ್ರೋಲು ಮುಗಿಯುತ್ತಾ ಬಂದ ದಿನಗಳಲ್ಲಿ ‘ತ’ ಇಲ್ಲವೇ ಇಲ್ಲ. ಹಸಿದಾಗ ಓಡಿ, ಹೊಟ್ಟೆ ತುಂಬಿದಾಗ ಮಲಗುವ ಗಾಡಿ ಇದು.”

ರಾಯರು ಎದ್ದು ಬಂದು ನೋಡಿದರು. ಮಾತು ನಿಜವಾಗಿತ್ತು. ಬಿಸಿಯೇ ಕಾರಣವಾಗಿದ್ದರೆ ಟ್ಯಾಂಕು ತುಂಬಿದ ದಿನವೂ ಬರಿದಾದ ದಿನವೂ ಒಂದೇ ದೂರದಲ್ಲಿ ನಿಲ್ಲಬೇಕಾಗಿತ್ತು. ಇದೇನು ಒಗಟೆಂದು ಅವರು ಎರಡು ದಿನ ತಲೆ ಕೆರೆದುಕೊಂಡರು. ಮೂರನೆಯ ದಿನ ಯುಗಾದಿಗೆಂದು ತಂದ ಎಣ್ಣೆಯ ಡಬ್ಬವನ್ನು ತೆರೆಯಲು ಗೃಹಿಣಿ ಅವರ ಕೈಗೆ ಮೊಳೆ, ಸುತ್ತಿಗೆಗಳನ್ನು ಕೊಟ್ಟರು. ರಾಯರು ಒಂದು ಮೂಲೆಯಲ್ಲಿ ತೂತು ಹೊಡೆದು ಡಬ್ಬವನ್ನು ಬಗ್ಗಿಸಿದರು. ಎಣ್ಣೆ ‘ಗುಳುಕ್’ ಎಂದು ಒಂದಿಷ್ಟು ಬಿದ್ದು ನಿಂತಿತು.

“ಇನ್ನೊಂದು ತೂತು ಹೊಡೆಯಿರಿ. ಗಾಳಿ ಒಳಗೆ ಹೋಗದೆ ಎಣ್ಣೆ ಹೇಗೆ ಹೊರಗೆ ಬಂದೀತು?” ಎಂದ ಗೃಹಿಣಿ, ಮೊಳೆಯನ್ನು ಹಿಡಿದೇ ನಿಂತ ಗಂಡನನ್ನು ನೋಡಿ, ತಾವೂ ಒಂದು ಕ್ಷಣ ಸುಮ್ಮನಾದರು. ಬಳಿಕ ಮೆಲ್ಲಗೆ ಕೇಳಿದರು: “ನಿಮ್ಮ ಗಾಡಿಯ ಡಬ್ಬಕ್ಕೆ ಆ ಇನ್ನೊಂದು ತೂತು ಎಲ್ಲಿದೆ?”

ಪೆಟ್ರೋಲು ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ಗಾಳಿಕಂಡಿ ಇರುತ್ತದೆ. ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಅಲ್ಲಿಂದ ಬರಬೇಕು. ರಾಯರು ಮುಚ್ಚಳವನ್ನು ತಿರುವಿ ನೋಡಿದಾಗ ಸಂಗತಿ ಬಯಲಾಯಿತು. ಹಿಂದಿನ ಒಡೆಯರು ಮಾರುವ ಮುನ್ನ ಅಂದಕ್ಕಾಗಿ ಮುಚ್ಚಳಕ್ಕೆ ಹೊಸ ಲೇಪ ಮಾಡಿಸಿ, ಒಳಗೆ ರಬ್ಬರಿನ ಬಿಲ್ಲೆಯೊಂದನ್ನು ದುಂಡಗೆ ಕತ್ತರಿಸಿ ಕೂರಿಸಿದ್ದರು. ಬಿಲ್ಲೆ ಗಾಳಿಕಂಡಿಯ ಮೇಲೆ ಸರಿಯಾಗಿ ಕುಳಿತಿತ್ತು. ಟ್ಯಾಂಕು ತುಂಬಿದ್ದರೆ ಮೇಲೆ ಉಳಿಯುವ ಗಾಳಿ ಸ್ವಲ್ಪವೇ. ಕೊಂಚ ಪೆಟ್ರೋಲು ಇಳಿದೊಡನೆ ಅದು ವಿರಳವಾಗಿ, ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತಿತ್ತು. ಟ್ಯಾಂಕು ಬರಿದಾಗಿದ್ದರೆ ಮೇಲೆ ಗಾಳಿ ಹೆಚ್ಚು. ಅದು ವಿರಳವಾಗಲು ಹೆಚ್ಚು ಪೆಟ್ರೋಲು ಖರ್ಚಾಗಬೇಕು. ಅಷ್ಟರೊಳಗೆ ರಾಯರು ಮನೆ ಸೇರಿರುತ್ತಿದ್ದರು. ಅರ್ಧ ಗಂಟೆಯ ವಿಶ್ರಾಂತಿಯಲ್ಲಿ ಬಿಲ್ಲೆಯ ಅಂಚಿನಿಂದ ಗಾಳಿ ನುಸುಳಿ ಗಾಡಿಗೆ ಮತ್ತೆ ಜೀವ ಬರುತ್ತಿತ್ತು. ಕಾಯಿಲೆ ಬಿಸಿಯದಲ್ಲ, ಉಸಿರುಕಟ್ಟಿದ್ದು. ಹೊಳಪಿಗಾಗಿ ಮಾಡಿದ ಉಪಚಾರವೇ ಉಸಿರನ್ನು ಹಿಡಿದಿತ್ತು.

ಆದರೂ ಹಿರಿಯರ ಮಾತನ್ನು ನೆನೆದು ರಾಯರು ಕೂಡಲೇ ಬಿಲ್ಲೆಯನ್ನು ಕತ್ತರಿಸಲಿಲ್ಲ. ಟ್ಯಾಂಕನ್ನು ಭರ್ತಿ ಮಾಡಿಸಿ, ಅದೇ ರಸ್ತೆಯಲ್ಲಿ ಹೋಗಿ, ಗಾಡಿ ನಿಲ್ಲುವುದನ್ನು ಕಾದರು. ನಿಂತಿತು. ಎಂಜಿನ್ನು ತಣಿಯುವವರೆಗೆ ಕಾಯದೆ ಮುಚ್ಚಳವನ್ನು ಮಾತ್ರ ಎಚ್ಚರದಿಂದ ಸಡಿಲಿಸಿದರು. ‘ಸುಯ್’ ಎಂದು ಟ್ಯಾಂಕು ನಿಟ್ಟುಸಿರೆಳೆಯಿತು. ಕಾರ್ಬ್ಯುರೇಟರು ತುಂಬಲು ಒಂದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮೊದಲ ಹೊಡೆತಕ್ಕೇ ‘ಡಬ್ ಡಬ್’. ಆಗ ಮಾತ್ರ ಅನುಮಾನ ಸಿದ್ಧಾಂತವಾಯಿತು. ಮನೆಗೆ ಬಂದು ಬಿಲ್ಲೆಗೆ ಗಾಳಿಕಂಡಿಯ ನೇರಕ್ಕೆ ಒಂದು ಪುಟ್ಟ ತೂತು ಮಾಡಿದರು. ಖರ್ಚು ಸೊನ್ನೆ. ಬಳಿಕ ಗೃಹಿಣಿ ಹಿಂದೆ ಕುಳಿತು ನಂಜನಗೂಡಿಗೆ ಹೋಗಿ, ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಒಂದೇ ಓಟದಲ್ಲಿ ಮರಳಿ ಬಂದದ್ದಾಯಿತು. ಆ ದಿನದ ಚೌಕದಲ್ಲಿ ‘ಪೆ’ ಇತ್ತು, ‘ತ’ ಇರಲಿಲ್ಲ.

ಹಾಗೆಂದು ಗ್ಯಾರೇಜಿನ ಯುವಕ ಹೇಳಿದ್ದೆಲ್ಲ ಸುಳ್ಳೆನ್ನುವುದು ಅನ್ಯಾಯ. ಗಾಡಿ ನಿಲ್ಲದಂತಾದ ಮೇಲೆ ರಾಯರು ಅದರ ಹೊಗೆಯ ಕಡೆ ಗಮನ ಕೊಟ್ಟರು. ಬೆರೆಸುವ ಎಣ್ಣೆಯ ಅಳತೆ ಸರಿಯಾಗಿದ್ದರೂ ಹೊಗೆ ವಿಪರೀತ. ಗೇರು ಪೆಟ್ಟಿಗೆಯ ಎಣ್ಣೆಯನ್ನು ಅಳೆದು ತುಂಬಿಸಿ, ತಿಂಗಳ ಬಳಿಕ ಮತ್ತೆ ಅಳೆದರು. ನೆಲದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲ; ಎಣ್ಣೆ ಮಾತ್ರ ಕಡಿಮೆಯಾಗಿತ್ತು. ಹೊರಗೆ ಬೀಳದ ಎಣ್ಣೆ ಹೋಗಲು ಒಳದಾರಿಯೊಂದೇ: ಕ್ರ್ಯಾಂಕಿನ ಎಡಬದಿಯ ಸೀಲು ಸವೆದು, ಎಂಜಿನ್ನು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತಿತ್ತು. ವಯಸ್ಸಾದ ರಬ್ಬರಿನ ಸಹಜ ಧರ್ಮ ಅದು. 2023ರಿಂದ ಮಾರುಕಟ್ಟೆಗೆ ಬಂದಿರುವ, ಶೇಕಡ 20ರಷ್ಟು ಇಥೆನಾಲ್ ಬೆರೆತ ಪೆಟ್ರೋಲು ಇಂಥ ಹಳೆಯ ರಬ್ಬರುಗಳಿಗೂ ಬಿಲ್ಲೆಗಳಿಗೂ ಹೇಳಿ ಮಾಡಿಸಿದ್ದಲ್ಲ, ತೇವವನ್ನೂ ಎಳೆದುಕೊಳ್ಳುತ್ತದೆ. ಅದಕ್ಕಾಗಿ ರಾಯರು ಗಾಡಿಯನ್ನು ಕೆಲವು ದಿನ ನಿಲ್ಲಿಸುವುದಾದರೆ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಮುಗಿಯುವ ತನಕ ಎಂಜಿನ್ನನ್ನು ಓಡಿಸಿಯೇ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡರು. ಎಂಜಿನ್ನಿನ ಹೊಟ್ಟೆಯನ್ನು ಒಂದು ದಿನ ಬಿಚ್ಚಲೇಬೇಕು. ಆದರೆ ಅದು ಏತಕ್ಕೆಂದು ತಿಳಿದು ಬಿಚ್ಚುವುದು ಬೇರೆ, ತಿಳಿಯಲೆಂದು ಬಿಚ್ಚುವುದು ಬೇರೆ. ಸರದಿ ಗೊತ್ತಾಯಿತು: ಮೊದಲು ತಾರಸಿ, ಆಮೇಲೆ ಸೀಲು.

ತಾರಸಿಯನ್ನು ನೋಡಲು ಬಂದ ಗಾರೆಯ ಮೇಸ್ತ್ರಿ ಮೇಲೆ ಒಂದು ಸುತ್ತು ಹಾಕಿ, “ಪೂರ್ತಿ ಅಗೆದು ಹೊಸದಾಗಿ ಹಾಕಬೇಕು ಸ್ವಾಮಿ” ಎಂದ. ರಾಯರೂ ಗೃಹಿಣಿಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಅಗೆಯುವುದು ಇದ್ದೇ ಇದೆಯಪ್ಪಾ, ಮೊದಲು ನೀರು ಇಳಿಯುವ ಕೊಳವೆಯನ್ನು ನೋಡೋಣ” ಎಂದರು ಗೃಹಿಣಿ. ಕೊಳವೆಯ ಬಾಯಿಯಿಂದ ಪಕ್ಕದ ಮನೆಯ ಹೊಂಗೆಯ ಎಲೆಗಳು ಒಂದು ಬುಟ್ಟಿ ಹೊರಬಂದವು. ಮೂಲೆಯಲ್ಲಿ ನಾಲ್ಕು ಕೊಡ ನೀರು ಸುರಿದು, ಕೆಳಗಿಳಿದು, ನಡುಮನೆಯ ಸೂರನ್ನು ನೋಡುತ್ತ ಎಲ್ಲರೂ ಕುಳಿತರು. ಸೋರುವುದು ಪೂರ್ತಿ ನಿಲ್ಲಲಿಲ್ಲ. ಗೋಡೆ ಕೂಡುವೆಡೆಯ ಒಂದು ಬಿರುಕಿನಿಂದ ತೊಟ್ಟಿಕ್ಕುತ್ತಲೇ ಇತ್ತು. ಅದಕ್ಕೆ ಮೇಸ್ತ್ರಿಯ ಕೈಯೇ ಬೇಕಾಗಿತ್ತು, ಹಣವೂ ಬೇಕಾಗಿತ್ತು. ಆದರೆ ಅಗೆಯಬೇಕಾದದ್ದು ಆ ಒಂದು ಮೂಲೆಯನ್ನು ಮಾತ್ರ. ಗೃಹಿಣಿ ಪಂಚಾಂಗದ ಬಳಿ ಹೋಗಿ ಅಂದಿನ ಚೌಕದಲ್ಲಿ ಆ ಖರ್ಚನ್ನು ಬರೆದು, ಅದರ ಕೆಳಗೆ ಸೀಲಿಗೆಂದು ಉಳಿಯುವ ಹಣವನ್ನೂ ಬರೆದಿಟ್ಟರು.